ಪ್ಯಾಕೇಜ್ ದೊಡ್ಡದಿದೆ, ಕೆಲಸ ಸಾಗ್ತಿಲ್ಲ: ಬೈಬಲ್ ಸ್ಟಡಿ ಸಾಫ್ಟ್‌ವೇರನ್ನ ಸಂಶೋಧನೆಗೆ ಒಗ್ಗಿಸಿಕೊಳ್ಳೋದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಉತ್ತರ ಕರ್ನಾಟಕದ ಒಂದು ಸೆಮಿನರಿಯಲ್ಲಿ ಹಳೆ ಒಡಂಬಡಿಕೆ ಪಾಠ ಮಾಡ್ತೀನಿ. ಜೊತೆಗೆ ವಿಲಾಪ ಕೀರ್ತನೆಗಳ ಮೇಲೆ ರಿಸರ್ಚ್ ನಡೀತಿದೆ, ಥೀಸಿಸ್ ಕನ್ನಡದಲ್ಲೇ ಬರೀತಿದೀನಿ. ಕಂತು ಕಟ್ಟಿ ಒಂದು ದೊಡ್ಡ ಬೈಬಲ್ ಸಾಫ್ಟ್‌ವೇರ್ ಪ್ಯಾಕೇಜ್ ತಗೊಂಡೆ. ಓಪನ್ ಮಾಡಿದ್ರೆ ಹತ್ತಾರು ಕಿಟಕಿ ತೆರ್ಕೊಂಡು ನನ್ನ 8 ಜಿಬಿ ಲ್ಯಾಪ್‌ಟಾಪ್ ಏದುಸಿರು ಬಿಡತ್ತೆ, ಒಂದು ಪದ ಹುಡುಕಿದ್ರೆ ಬರೋ ರಿಸಲ್ಟ್ ನೋಡೇ ಸುಸ್ತು. ಹೀಬ್ರು ವಚನದ ನಂಬರಿಗೂ ಕನ್ನಡ ಬೈಬಲ್ ನಂಬರಿಗೂ ತಾಳೆ ಆಗಲ್ಲ. ಕನ್ನಡ ಬೈಬಲನ್ನ ಅದರೊಳಗೆ ತರೋದು ಹೇಗೆ ಅಂತ ಗೊತ್ತಾಗ್ಲಿಲ್ಲ, ಹಳೇ ನೋಟ್ಸ್ ಎಲ್ಲಾ ನುಡಿ ಫಾಂಟಲ್ಲಿದೆ. ಸಹೋದ್ಯೋಗಿ ಒಬ್ರು ಇನ್ನೂ ಮೇಲಿನ ಪ್ಯಾಕೇಜ್‌ಗೆ ಹೋಗಿ ಅಂತಾರೆ, ಇನ್ನೊಬ್ರು ಇದೆಲ್ಲಾ ಬಿಡಿ, ಫ್ರೀ ಸಾಫ್ಟ್‌ವೇರಲ್ಲಿ ಸ್ಟ್ರಾಂಗ್ಸ್ ನಂಬರ್ ಇದ್ರೆ ಸಾಕು ಅಂತಾರೆ. ಯಾರ ಮಾತು ಕೇಳ್ಲಿ?

ಉತ್ತರ: ಮೇಡಂ, ಸದ್ಯಕ್ಕೆ ಇಬ್ಬರ ಮಾತೂ ಬೇಡ. ನೀವು ಬರೆದಿರೋದು ಓದಿದ್ರೆ ಆರೇಳು ತೊಂದರೆ ಇದ್ದಂಗೆ ಕಾಣತ್ತೆ, ಆದ್ರೆ ಬೇರು ಎರಡೇ. ಒಂದು, ಸಾಫ್ಟ್‌ವೇರ್ ಇನ್ನೂ ಅಂಗಡಿಯಿಂದ ಬಂದ ಸ್ಥಿತಿಯಲ್ಲೇ ಇದೆ. ಈ ದೊಡ್ಡ ಕಮರ್ಶಿಯಲ್ ಪ್ರೋಗ್ರಾಂಗಳ ಮುಖ್ಯ ಗಿರಾಕಿ ಯಾರು ಅಂದ್ರೆ ಭಾನುವಾರದ ಪ್ರಸಂಗ ರೆಡಿ ಮಾಡಬೇಕಾದ ಪಾಸ್ಟರು, ಅವ್ರಿಗೆ ಒಂದು ವಾಕ್ಯಭಾಗ ಕೊಟ್ರೆ ಅದರ ಬಗ್ಗೆ ಲೈಬ್ರರಿಯಲ್ಲಿರೋದೆಲ್ಲಾ ಒಮ್ಮೆಲೇ ಎದುರಿಗೆ ಬಂದು ಬೀಳಬೇಕು, ಹಾಗಾಗಿ ಹೋಮ್ ಪೇಜು, ಧ್ಯಾನದ ಓದು, ಪ್ಯಾಸೇಜ್ ಗೈಡು ಎಲ್ಲಾ ಆ ಲೆಕ್ಕದಲ್ಲೇ ಜೋಡಿಸಿರ್ತಾರೆ. ನಿಮಗೆ ಬೇಕಾಗಿರೋದು ಇದಕ್ಕೆ ಪೂರ್ತಿ ಉಲ್ಟಾ, ಒಂದು ಸಣ್ಣ ಪ್ರಶ್ನೆಗೆ ನಂಬಬಹುದಾದ ಒಂದು ಉತ್ತರ. ಎರಡನೇ ಬೇರು, ನಿಮ್ಮ ಸ್ವಂತ ಸರಕು, ಅಂದ್ರೆ ಕನ್ನಡ ಪಠ್ಯ ಮತ್ತು ನೋಟ್ಸು, ಇವೆರಡೂ ಸಾಫ್ಟ್‌ವೇರ್ ಹುಡುಕೋ ಜಾಗದಲ್ಲಿ ಇಲ್ವೇ ಇಲ್ಲ. ಎರಡೂ ಸರಿ ಮಾಡೋಕೆ ದುಡ್ಡು ಬೇಡ, ಒಂದೆರಡು ವಾರಾಂತ್ಯ ಬೇಕಾಗಬಹುದು ಅಷ್ಟೇ.

ಮೊದಲು ಅಪ್‌ಗ್ರೇಡ್ ವಿಷಯ ಮುಗಿಸಿಬಿಡೋಣ. ಪ್ಯಾಕೇಜ್ ದೊಡ್ಡದಾದಷ್ಟೂ ಸಂಶೋಧನೆ ಗಟ್ಟಿ ಆಗತ್ತೆ ಅನ್ನೋದು ಬರೀ ನಂಬಿಕೆ. ಪ್ಯಾಕೇಜ್‌ಗಳಲ್ಲಿ ಪುಸ್ತಕದ ಸಂಖ್ಯೆ ಏರಿಸೋದು ಬಹುಪಾಲು ಕಾಪಿರೈಟ್ ಮುಗಿದ ಹಳೇ ವ್ಯಾಖ್ಯಾನಗಳು, ಮ್ಯಾಥ್ಯೂ ಹೆನ್ರಿ, ಕೈಲ್ ಮತ್ತು ಡೆಲಿಟ್ಚ್ ತರದ್ದು. ಡೆಲಿಟ್ಚ್ ಇವತ್ತಿಗೂ ಓದಬೇಕಾದವರೇ, ಆದ್ರೆ ಅದು ಬೇರೆ ಕಡೆ ಪುಕ್ಕಟೆ ಸಿಗತ್ತೆ. ಕೀರ್ತನೆ ಮೇಲೆ ಕೆಲಸ ಮಾಡೋರಿಗೆ ದುಡ್ಡು ಕೊಡಬೇಕಾದ್ದು ಬಹಳ ಕಮ್ಮಿ ವಸ್ತುಗಳಿಗೆ: ವ್ಯಾಕರಣ ಟ್ಯಾಗ್ ಮಾಡಿರೋ ಹೀಬ್ರು ಪಠ್ಯ, ಅದರ ಅಡಿಯಲ್ಲಿರೋ ಪಾಠಾಂತರದ ಟಿಪ್ಪಣಿ ಅಂದ್ರೆ 1977ರ ಬಿಎಚ್‌ಎಸ್ ಅನ್ನೋ ವಿದ್ವತ್ ಹೀಬ್ರು ಆವೃತ್ತಿಯ ಅಪ್ಯಾರಟಸ್ಸು, ಪ್ರಾಚೀನ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟು, ಮತ್ತೆ ಒಂದು ಒಳ್ಳೇ ನಿಘಂಟು. ಇವು ನಿಮ್ಮ ಪ್ಯಾಕೇಜಲ್ಲಿ ಇದೆಯಾ ಅಂತ ಇವತ್ತೇ ನೋಡಿ. ಇಲ್ದೇ ಇದ್ರೆ ಅದೊಂದನ್ನ ಬಿಡಿಯಾಗಿ ತಗೊಳ್ಳಿ, ಇದ್ರೆ ಅಪ್‌ಗ್ರೇಡ್ ಮಾತು ಮರ್ತುಬಿಡಿ.

ಸ್ಟ್ರಾಂಗ್ಸ್ ನಂಬರ್ ಸಾಕು ಅನ್ನೋ ಇನ್ನೊಬ್ಬ ಸಹೋದ್ಯೋಗಿ ಮಾತು ಅರ್ಧ ಸರಿ. ಜೇಮ್ಸ್ ಸ್ಟ್ರಾಂಗ್ 1890ರಲ್ಲಿ ಇಂಗ್ಲಿಷಿನ ಕಿಂಗ್ ಜೇಮ್ಸ್ ಬೈಬಲ್‌ಗೆ ಪದಸೂಚಿ ಮಾಡೋವಾಗ ಹೀಬ್ರು ಮೂಲಪದಗಳಿಗೆ 8674ರ ತನಕ ನಂಬರ್ ಕೊಟ್ರು. ಅದು ವಿಳಾಸ ಹುಡುಕೋಕೆ ಅದ್ಭುತ, ಎರಡು ಬೇರೆಬೇರೆ ಸಾಫ್ಟ್‌ವೇರ್ ನಡುವೆ ಒಂದೇ ಪದಾನಾ ಅಂತ ತಾಳೆ ನೋಡೋಕೂ ಚೆನ್ನಾಗಿದೆ. ಆದ್ರೆ ಆ ನಂಬರ್ ಪಕ್ಕ ಬರೋ ಪುಟ್ಟ ಅರ್ಥವಿವರಣೆ ನಿಘಂಟಲ್ಲ, ಕಿಂಗ್ ಜೇಮ್ಸ್ ಅನುವಾದಕರು ಆ ಪದನ ಏನೇನು ಅಂತ ತಿರುಗಿಸಿದಾರೋ ಅದರ ಪಟ್ಟಿ ಜಾಸ್ತಿ. ಫ್ರೀ ಸಾಫ್ಟ್‌ವೇರಲ್ಲಿ ಸಿಗೋ ಬಿಡಿಬಿ (ಬ್ರೌನ್-ಡ್ರೈವರ್-ಬ್ರಿಗ್ಸ್) ಹೀಬ್ರು ನಿಘಂಟು ಇದಕ್ಕಿಂತ ಎಷ್ಟೋ ಮೇಲು, ಆದ್ರೆ ಅದು ಪೂರ್ತಿಯಾಗಿ ಬಂದಿದ್ದು 1906ರಲ್ಲಿ. ಸಿರಿಯಾದ ರಾಸ್ ಶಮ್ರಾದಲ್ಲಿ ಹೀಬ್ರುವಿನ ಹತ್ತಿರದ ಹಳೇ ಭಾಷೆ ಉಗಾರಿಟಿಕ್‌ನ ಫಲಕಗಳು ಸಿಕ್ಕಿದ್ದು 1929ರಲ್ಲಿ, ಮೃತ ಸಮುದ್ರದ ಹತ್ರ ಕುಮ್ರಾನ್ ಸುರುಳಿಗಳು 1947ರಿಂದ, ಹಾಗಾಗಿ ಇವುಗಳಿಂದ ಗೊತ್ತಾಗಿದ್ದು ಬಿಡಿಬಿಯಲ್ಲಿ ಇಲ್ಲ. ಬೇರೆ ಪುಸ್ತಕದ ಮೇಲೆ ಕೆಲಸ ಮಾಡೋರು ಇದನ್ನ ಸ್ವಲ್ಪ ಹಗುರವಾಗಿ ತಗೋಬಹುದೇನೋ, ಕೀರ್ತನೆಯ ಕಾವ್ಯಭಾಷೆ ನೋಡೋರಿಗೆ ಉಗಾರಿಟಿಕ್ ಬಿಟ್ಟು ಮುಂದೆ ಹೋಗೋ ಹಾಗಿಲ್ಲ, ನಿಮ್ಮ ಗೈಡ್ ಮೊದಲ ಚಾಪ್ಟರಲ್ಲೇ ಕೇಳ್ತಾರೆ. ಇದನ್ನೆಲ್ಲಾ ಬಳಸಿಕೊಂಡ ಹೊಸ ಹೀಬ್ರು ನಿಘಂಟು ಹಾಲಾಟ್ ದುಬಾರಿ ಹೌದು, ಕಾಲೇಜ್ ಲೈಬ್ರರಿಯಲ್ಲಿ ಅಚ್ಚಿನ ಪ್ರತಿ ಇದ್ರೆ ಡಿಜಿಟಲ್ ಬೇಕೇ ಬೇಕು ಅಂತೇನಿಲ್ಲ.

ಇನ್ನೊಂದು ತಪ್ಪು ತಿಳುವಳಿಕೆ ಇದೆ, ನೀವು ಕೇಳಿಲ್ಲ, ಆದ್ರೂ ಹೇಳ್ಬೇಕು, ಯಾಕಂದ್ರೆ ಥೀಸಿಸ್ ವೈವಾದಲ್ಲಿ ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಸಾಫ್ಟ್‌ವೇರ್ "ಈ ಕ್ರಿಯಾಪದ ಇಂಥದ್ದು" ಅಂತ ತೋರಿಸೋದು ಪಠ್ಯದಲ್ಲಿರೋ ಸಂಗತಿ ಅಂತ ಜನ ಅಂದ್ಕೋತಾರೆ. ಅದು ಯಾರೋ ವಿದ್ವಾಂಸರು ಕೂತು ಮಾಡಿದ ತೀರ್ಮಾನ. ವಿಲಾಪ ಕೀರ್ತನೆಯಲ್ಲಿ "ಹೀಗಾಗಲಿ" ಅನ್ನೋ ಬೇಡಿಕೆಗೂ "ಹೀಗಾಗುತ್ತೆ" ಅನ್ನೋ ಭರವಸೆಗೂ ವ್ಯತ್ಯಾಸ ದೊಡ್ಡದು, 109ನೇ ಕೀರ್ತನೆಯ ಶಾಪದ ಸಾಲುಗಳಲ್ಲಂತೂ ಇಡೀ ವಾದ ಅದರ ಮೇಲೇ ನಿಂತಿದೆ. ಆದ್ರೆ ಹೀಬ್ರುವಿನಲ್ಲಿ ಬಹಳಷ್ಟು ಕ್ರಿಯಾಪದಗಳಿಗೆ ಜಸ್ಸಿವ್ ಅಂದ್ರೆ "ಆಗಲಿ" ಅನ್ನೋ ರೂಪ ಮತ್ತು ಇಂಪರ್ಫೆಕ್ಟ್ ಅಂದ್ರೆ "ಆಗುತ್ತೆ" ಅನ್ನೋ ಸಾಮಾನ್ಯ ರೂಪ ಎರಡೂ ಒಂದೇ ತರ ಇರತ್ತೆ, ಕೆಲವು ಧಾತುಗಳಲ್ಲಿ ಮಾತ್ರ ಬೇರೆ ಕಾಣತ್ತೆ. ಈಗ ಒಂದು ಡೇಟಾಬೇಸ್ ರೂಪ ನೋಡಿ ಟ್ಯಾಗ್ ಹಾಕತ್ತೆ, ಇನ್ನೊಂದು ಅರ್ಥವನ್ನೂ ನೋಡಿ ಜಸ್ಸಿವ್ ಅಂತ ಗುರುತು ಹಾಕತ್ತೆ, ಆಮ್‌ಸ್ಟರ್‌ಡ್ಯಾಮ್‌ನ ಇಟಿಸಿಬಿಸಿ ಅನ್ನೋ ಸಂಶೋಧನಾ ಕೇಂದ್ರದ ಹೀಬ್ರು ಬೈಬಲ್ ಡೇಟಾದಲ್ಲಂತೂ ಕ್ರಿಯಾಪದದ ಕಾಲದ ಖಾನೆಯಲ್ಲಿ ಜಸ್ಸಿವ್ ಅಂತ ಪ್ರತ್ಯೇಕ ಆಯ್ಕೆನೇ ಇಲ್ಲ, ಎಲ್ಲಾ ಇಂಪರ್ಫೆಕ್ಟ್. ಹಾಗಾಗಿ "ಕೀರ್ತನೆಗಳಲ್ಲಿ ಜಸ್ಸಿವ್ ಇಷ್ಟು ಸಲ ಬಂದಿದೆ" ಅಂತ ಒಂದು ಸಂಖ್ಯೆ ಬರೆದ್ರೆ, ಯಾವ ಡೇಟಾಬೇಸ್, ಯಾವ ಆವೃತ್ತಿ ಅಂತ ಅಡಿಟಿಪ್ಪಣಿ ಹಾಕದೇ ಇದ್ರೆ ಆ ಸಂಖ್ಯೆಗೆ ಬೆಲೆ ಇಲ್ಲ.

ಇದನ್ನ ಪರೀಕ್ಷೆ ಮಾಡೋಕೆ ನಾನು ಎಲ್ಲರಿಗೂ 13ನೇ ಕೀರ್ತನೆ ಕೊಡ್ತೀನಿ, ಚಿಕ್ಕದು, ಉತ್ತರ ಕೈಯಲ್ಲೇ ಲೆಕ್ಕ ಹಾಕಬಹುದು. "ಎಷ್ಟರವರೆಗೆ" ಅನ್ನೋ ಪ್ರಶ್ನೆ ಅಲ್ಲಿ ನಾಲ್ಕು ಸಲ ಬರತ್ತೆ, ಹೀಬ್ರು 2ನೇ ವಚನದಲ್ಲಿ ಎರಡು, 3ರಲ್ಲಿ ಎರಡು. 4ನೇ ವಚನದಲ್ಲಿ ಮೂರು ಆಜ್ಞಾರೂಪ: ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು. 5ರಲ್ಲಿ ವೈರಿಗಳು ಹಿಗ್ಗೋದಕ್ಕೂ 6ರಲ್ಲಿ "ನನ್ನ ಹೃದಯ ಹಿಗ್ಗಲಿ" ಅನ್ನೋದಕ್ಕೂ ಒಂದೇ ಧಾತು, ಗೀಲ್, ಅದರಲ್ಲಿ 6ನೇ ವಚನದ ರೂಪ ಯಾಗೇಲ್ ಅಂತ ಇರೋದ್ರಿಂದ ಅದು ನೋಡೋಕೇ ಜಸ್ಸಿವ್. ಈಗ ನಿಮ್ಮ ಸಾಫ್ಟ್‌ವೇರಲ್ಲಿ ಆಜ್ಞಾರೂಪ ಹುಡುಕಿ, ಧಾತು ಹುಡುಕಿ, ಜಸ್ಸಿವ್ ಹುಡುಕಿ. 4ನೇ ವಚನದಲ್ಲಿ ಮೂರು ಬರದೇ ಇದ್ರೆ ನಿಮ್ಮ ಸರ್ಚ್ ಬರೆದಿರೋ ರೀತಿ ತಪ್ಪು, ಯಾಗೇಲ್ ಜಸ್ಸಿವ್ ಪಟ್ಟಿಯಲ್ಲಿ ಬರದೇ ಇದ್ರೆ ಆ ಡೇಟಾಬೇಸ್ ಜಸ್ಸಿವನ್ನ ಬೇರೆ ತರ ನೋಡ್ತಿದೆ ಅಂತ. ಉತ್ತರ ಗೊತ್ತಿರೋ ಪ್ರಶ್ನೆ ಕೇಳಿ ಸಾಫ್ಟ್‌ವೇರನ್ನ ಮೊದಲು ಪರೀಕ್ಷೆ ಮಾಡದೇ 150 ಕೀರ್ತನೆ ಮೇಲೆ ಸರ್ಚ್ ಬಿಡಬೇಡಿ.

ವಚನದ ನಂಬರ್ ಹೊಂದಲ್ಲ ಅಂದ್ರಲ್ಲ, ಅದಕ್ಕೂ ಇದೇ ಕೀರ್ತನೆ ಸಾಕು. ಹೀಬ್ರು ಬೈಬಲಲ್ಲಿ ಕೀರ್ತನೆಯ ಶೀರ್ಷಿಕೆ, ಆ "ದಾವೀದನ ಕೀರ್ತನೆ" ಅನ್ನೋ ಸಾಲು, ಅದನ್ನೂ ವಚನ ಅಂತ ಎಣಿಸ್ತಾರೆ, ಇಂಗ್ಲಿಷ್ ಬೈಬಲಲ್ಲಿ ಎಣಿಸಲ್ಲ, ನಮ್ಮ ಕನ್ನಡದ್ದು ಇಂಗ್ಲಿಷ್ ಸಂಪ್ರದಾಯದ್ದೇ. 13ನೇ ಕೀರ್ತನೆಯಲ್ಲಿ ತಮಾಷೆ ಏನಪ್ಪಾ ಅಂದ್ರೆ ಎರಡರಲ್ಲೂ ಒಟ್ಟು ಆರೇ ವಚನ, ಹಾಗಾಗಿ ಮೇಲ್ನೋಟಕ್ಕೆ ಯಾರಿಗೂ ಅನುಮಾನ ಬರಲ್ಲ, ಆದ್ರೆ ಕನ್ನಡದ 1 ಅಂದ್ರೆ ಹೀಬ್ರು 2, ಹೀಗೇ ಒಂದೊಂದು ಜರುಗಿಕೊಂಡು ಕನ್ನಡದ 5 ಮತ್ತು 6 ಎರಡೂ ಸೇರಿ ಹೀಬ್ರು 6 ಆಗತ್ತೆ. 51ನೇ ಕೀರ್ತನೆಯಲ್ಲಿ ಶೀರ್ಷಿಕೆ ಉದ್ದ ಇರೋದ್ರಿಂದ ವ್ಯತ್ಯಾಸ ಎರಡು. ಗ್ರೀಕ್ ಸೆಪ್ಟುಅಜಿಂಟಿಗೆ ಹೋದ್ರೆ ಕೀರ್ತನೆಯ ನಂಬರೇ ಬೇರೆ, 9 ಮತ್ತು 10ನ್ನ ಅಲ್ಲಿ ಒಂದು ಮಾಡಿರೋದ್ರಿಂದ ಹೀಬ್ರು 13 ಅಲ್ಲಿ 12. ಇದು ಸಾಫ್ಟ್‌ವೇರ್ ದೋಷ ಅಲ್ಲ, ದೊಡ್ಡ ಪ್ರೋಗ್ರಾಂಗಳೆಲ್ಲಾ ಒಳಗಡೆ ಒಂದು ಹೊಂದಾಣಿಕೆ ಪಟ್ಟಿ ಇಟ್ಕೊಂಡಿರತ್ತೆ, ಕಿಟಕಿಗಳನ್ನ ಲಿಂಕ್ ಮಾಡಿದ್ರೆ ತಾನೇ ಸರಿಯಾದ ವಚನಕ್ಕೆ ಹೋಗತ್ತೆ. ಕೈಯಲ್ಲಿ ನಂಬರ್ ಟೈಪ್ ಮಾಡ್ತಾ ಹೋದ್ರೆ ಮಾತ್ರ ದಾರಿ ತಪ್ಪತ್ತೆ. ಥೀಸಿಸ್ಸಲ್ಲಿ ಒಂದೇ ಪದ್ಧತಿ ಇಟ್ಕೊಂಡು ಮುನ್ನುಡಿಯಲ್ಲಿ ಅದನ್ನ ಹೇಳಿಬಿಡಿ, ಬಹುತೇಕರು ಹೀಬ್ರು ನಂಬರನ್ನೇ ಮುಖ್ಯ ಮಾಡ್ತಾರೆ.

ಈಗ ಕಿಟಕಿಗಳಿಗೆ ಬರೋಣ. ನಿಮ್ಮ ಸಾಫ್ಟ್‌ವೇರ್ ಹೆಸರು ಹೇಳಿಲ್ಲ, ಲೋಗೋಸಲ್ಲಿ ಇದಕ್ಕೆ ಲೇಔಟ್ ಅಂತಾರೆ, ಅಕಾರ್ಡೆನ್ಸಲ್ಲಿ ವರ್ಕ್‌ಸ್ಪೇಸ್ ಅಂತಾರೆ, ಕೆಲಸ ಒಂದೇ. ಎಲ್ಲಾ ಮುಚ್ಚಿ ಖಾಲಿ ಪರದೆಯಿಂದ ಶುರು ಮಾಡಿ. ಮೊದಲ ಲೇಔಟ್ ಬರೀ ಓದೋಕೆ: ಎಡಕ್ಕೆ ಹೀಬ್ರು, ಪಕ್ಕದಲ್ಲಿ ಸೆಪ್ಟುಅಜಿಂಟ್, ಅದರ ಪಕ್ಕ ಕನ್ನಡ, ಮೂರನ್ನೂ ಒಂದೇ ಲಿಂಕ್ ಸೆಟ್ಟಿಗೆ, ಅಂದ್ರೆ ಒಟ್ಟಿಗೆ ಜರುಗೋ ಗುಂಪಿಗೆ, ಹಾಕಿ, ಕೆಳಗೆ ಅಪ್ಯಾರಟಸ್ಸು. ವ್ಯಾಖ್ಯಾನ ಇಲ್ಲಿ ಒಂದೂ ಬೇಡ, ಕಣ್ಣು ಅಲ್ಲಿಗೇ ಓಡತ್ತೆ, ಜೊತೆಗೆ ವಚನ ಬದಲಾದಾಗೆಲ್ಲಾ ಅಷ್ಟೂ ಪುಸ್ತಕ ಜರುಗಬೇಕಾಗಿ ಲ್ಯಾಪ್‌ಟಾಪ್ ಒದ್ದಾಡತ್ತೆ. ಎರಡನೇದು ಪದ ಮತ್ತು ವ್ಯಾಕರಣಕ್ಕೆ: ಹೀಬ್ರು, ಒಂದು ಸರ್ಚ್ ಕಿಟಕಿ, ನಿಘಂಟು, ನಿಘಂಟನ್ನ ಬೇರೆ ಲಿಂಕ್ ಸೆಟ್ಟಲ್ಲಿ ಇಡಿ. ಮೂರನೇದು ಬರೆಯೋವಾಗ: ಒಂದೇ ಪಠ್ಯ, ಒಂದು ವ್ಯಾಖ್ಯಾನ, ಪರದೆಯ ಅರ್ಧ ವರ್ಡ್‌ಗೆ ಬಿಟ್ಟಿದ್ದು. ಮೂರಕ್ಕೂ ಹೆಸರು ಕೊಟ್ಟು ಸೇವ್ ಮಾಡಿ, ಸೆಟ್ಟಿಂಗ್ಸಲ್ಲಿ ಪ್ರೋಗ್ರಾಂ ತೆರೆದಾಗ ಹೋಮ್ ಪೇಜ್ ಬದಲು ಓದೋ ಲೇಔಟೇ ಬರಲಿ ಅಂತ ಹೇಳಿ. ನಾಲ್ಕನೇದು ಬೇಕು ಅನ್ಸಿದ್ರೆ ಒಂದು ತಿಂಗಳು ತಡೀರಿ, ಲೇಔಟ್ ಜೋಡಿಸೋದೇ ಒಂದು ಚಟ ಆಗಿಬಿಡತ್ತೆ, ರಿಸರ್ಚ್ ಮಾಡಿದ ಸಮಾಧಾನನೂ ಕೊಡತ್ತೆ, ಪುಟ ಮಾತ್ರ ಮುಂದೆ ಹೋಗಿರಲ್ಲ.

ಲ್ಯಾಪ್‌ಟಾಪ್ ನಿಧಾನ ಆಗೋಕೆ ಕಿಟಕಿಗಿಂತ ದೊಡ್ಡ ಕಾರಣ ಇಂಡೆಕ್ಸಿಂಗ್. ಹೊಸ ಪುಸ್ತಕ ಡೌನ್‌ಲೋಡ್ ಆದಾಗೆಲ್ಲಾ ಹಿಂದೆ ಕೂತು ಇಡೀ ಲೈಬ್ರರಿಯ ಪದಪಟ್ಟಿ ಮಾಡ್ತಿರತ್ತೆ, ಆ ಹೊತ್ತಲ್ಲಿ ಏನು ಮಾಡಿದ್ರೂ ಭಾರ. ಲೋಗೋಸ್ ಆದ್ರೆ ಆ ಕೆಲಸನ ತಾತ್ಕಾಲಿಕವಾಗಿ ನಿಲ್ಲಿಸಬಹುದು, ರಾತ್ರಿ ಚಾರ್ಜಿಗೆ ಹಾಕಿ ಬಿಟ್ರೆ ಬೆಳಿಗ್ಗೆಗೆ ಮುಗಿದಿರತ್ತೆ. ಇನ್ನೂ ಒಳ್ಳೇದು ಅಂದ್ರೆ ನಿಮಗೆ ಯಾವತ್ತೂ ಬೇಡದ ಪುಸ್ತಕಗಳನ್ನ ಹೈಡ್ ಮಾಡಿಬಿಡೋದು. ಖರೀದಿ ಎಲ್ಲೂ ಹೋಗಲ್ಲ, ಅಕೌಂಟಲ್ಲೇ ಇರತ್ತೆ. ಪ್ರಸಂಗದ ದೃಷ್ಟಾಂತಗಳು, ಮಕ್ಕಳ ಭಾನುವಾರ ಶಾಲೆ ಪಾಠ, ಹೊಸ ಒಡಂಬಡಿಕೆಯ ಭಕ್ತಿಲೇಖನ ಇವನ್ನೆಲ್ಲಾ ಪಕ್ಕಕ್ಕೆ ಸರಿಸಿ. ಹಾರ್ಡ್ ಡಿಸ್ಕ್ ಹಳೇ ತರದ್ದಿದ್ರೆ ಅದನ್ನ ಎಸ್‌ಎಸ್‌ಡಿಗೆ ಬದಲಾಯಿಸಿ, ಪ್ಯಾಕೇಜ್ ಅಪ್‌ಗ್ರೇಡಿಗಿಂತ ಎಷ್ಟೋ ಅಗ್ಗ, ಫರಕು ಆ ದಿನವೇ ಗೊತ್ತಾಗತ್ತೆ.

ಸರ್ಚಲ್ಲಿ ಕಸ ಜಾಸ್ತಿ ಬರೋದು ಇಡೀ ಲೈಬ್ರರಿಯಲ್ಲಿ ಹುಡುಕೋದ್ರಿಂದ. ಕಲೆಕ್ಷನ್ ಅಂತ ಒಂದು ಸೌಲಭ್ಯ ಇರತ್ತೆ, ಅದರಲ್ಲಿ ಕೀರ್ತನೆಯ ವಿಮರ್ಶಾತ್ಮಕ ವ್ಯಾಖ್ಯಾನಗಳನ್ನ ಮಾತ್ರ ಒಂದು ಗುಂಪು ಮಾಡಿ, ನಿಘಂಟು ಮತ್ತು ವ್ಯಾಕರಣ ಇನ್ನೊಂದು ಗುಂಪು. ಪಠ್ಯದ ಸರ್ಚ್ ಮಾಡೋವಾಗ ಇಂಗ್ಲಿಷ್ ಅನುವಾದದಲ್ಲಿ ಹುಡುಕಬೇಡಿ, ಹೀಬ್ರು ಪಠ್ಯದ ಮೇಲೆ ಮೂಲಪದ ಒತ್ತಿ ಅಲ್ಲಿಂದ ಹುಡುಕಿ, ವ್ಯಾಪ್ತಿಯನ್ನ ಕೀರ್ತನೆಗಳಿಗೆ ಸೀಮಿತ ಮಾಡಿ. ಲೋಗೋಸಲ್ಲಿ ವಿಷುಯಲ್ ಫಿಲ್ಟರ್ ಅಂತ ಒಂದಿದೆ, ಅದು ನಿಮಗೇ ಅಂತ ಮಾಡಿದ ಹಾಗಿದೆ: ಆಜ್ಞಾರೂಪಕ್ಕೆ ಒಂದು ಬಣ್ಣ, ಜಸ್ಸಿವ್‌ಗೆ ಇನ್ನೊಂದು, ಉತ್ತಮಪುರುಷದ ಪರ್ಫೆಕ್ಟಿಗೆ (ಮುಗಿದ ಕ್ರಿಯೆಯ ರೂಪ) ಮತ್ತೊಂದು. ಒಂದು ಸಲ ಹಾಕಿಟ್ರೆ ಯಾವ ವಿಲಾಪ ಕೀರ್ತನೆ ತೆಗೆದ್ರೂ ದೂರು ಎಲ್ಲಿ ಮುಗೀತು, ಬೇಡಿಕೆ ಎಲ್ಲಿ ಶುರುವಾಯ್ತು ಅನ್ನೋದು ಪುಟದ ಮೇಲೇ ಬಣ್ಣದಲ್ಲಿ ಕಾಣತ್ತೆ. 88ನೇ ಕೀರ್ತನೆಯನ್ನ ಹೀಗೆ ನೋಡಿ, ಕೊನೆಗೆ ಬರಬೇಕಾದ ಭರವಸೆಯ ಭಾಗ ಬರೋದೇ ಇಲ್ಲ ಅನ್ನೋದನ್ನ ವಿದ್ಯಾರ್ಥಿಗಳಿಗೆ ಬಾಯಲ್ಲಿ ಹೇಳೋ ಬದಲು ತೋರಿಸಬಹುದು.

ಕನ್ನಡ ಬೈಬಲ್ ಒಳಗೆ ತರೋ ವಿಚಾರ. ಇಲ್ಲಿ ಮೊದಲು ಹಕ್ಕಿನ ಪ್ರಶ್ನೆ. ಬೈಬಲ್ ಸೊಸೈಟಿಯ ಸತ್ಯವೇದ ನಾವು ಚರ್ಚಲ್ಲಿ ಓದೋದು, ಆದ್ರೆ ಅದರ ಪಠ್ಯನ ಎಲ್ಲಿಂದಲೋ ಕಾಪಿ ಹೊಡೆದು ಮಾಡ್ಯೂಲ್, ಅಂದ್ರೆ ಸಾಫ್ಟ್‌ವೇರಿಗೆ ಸೇರಿಸೋ ಫೈಲ್, ಮಾಡೋದು ಸರಿಯಲ್ಲ, ಅಂತ ಮಾಡ್ಯೂಲ್‌ಗಳು ವಾಟ್ಸಾಪಲ್ಲಿ ಓಡಾಡ್ತಿರತ್ತೆ, ತಪ್ಪು ಅಕ್ಷರಗಳೂ ಬಿಟ್ಟುಹೋದ ವಚನಗಳೂ ಬೇಕಾದಷ್ಟಿರತ್ತೆ, ಥೀಸಿಸ್ಸಿಗೆ ಅದನ್ನ ನಂಬಬೇಡಿ. ಮುಕ್ತ ಲೈಸೆನ್ಸಲ್ಲಿ ಬಂದಿರೋದು ಇಂಡಿಯನ್ ರಿವೈಸ್ಡ್ ವರ್ಷನ್ನಿನ ಕನ್ನಡ, ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿದೆ, ಹೆಸರು ಹೇಳಬೇಕು, ಬದಲಾಯಿಸಿ ಹಂಚಿದ್ರೆ ಅದೇ ಲೈಸೆನ್ಸಲ್ಲಿ ಹಂಚಬೇಕು ಅಷ್ಟೇ ಷರತ್ತು. ಅದರ ಯುಎಸ್‌ಎಫ್‌ಎಂ ಫೈಲ್ (ಅಧ್ಯಾಯ, ವಚನಗಳಿಗೆ ಗುರುತು ಹಾಕಿದ ಸಾದಾ ಪಠ್ಯ) ಈಬೈಬಲ್ ತಾಣದಲ್ಲಿ ಸಿಗತ್ತೆ. ಲೋಗೋಸಲ್ಲಿ ಪರ್ಸನಲ್ ಬುಕ್ ಅಂತ ವರ್ಡ್ ಫೈಲಿಂದ ಪುಸ್ತಕ ಮಾಡ್ಕೋಬಹುದು, ಪ್ರತಿ ವಚನದ ಮುಂದೆ ಜೋಡಿ ಚೌಕ ಆವರಣದೊಳಗೆ ಆ ವಚನದ ವಿಳಾಸ ಕೊಡಬೇಕು, ಆಗ್ಲೇ ಅದು ಹೀಬ್ರು ಜೊತೆ ಲಿಂಕ್ ಆಗಿ ಜರುಗತ್ತೆ. ಇಡೀ ಬೈಬಲ್ ಬೇಡ, ಕೀರ್ತನೆಗಳನ್ನ ಮಾತ್ರ ಮಾಡಿ, ನಿಮ್ಮ ಕಂಪ್ಯೂಟರ್ ವಿಭಾಗದ ಯಾರಾದ್ರೂ ಹುಡುಗ ಫೈಂಡ್-ರಿಪ್ಲೇಸಲ್ಲಿ ಒಂದು ಸಂಜೆಗೆ ಮುಗಿಸಿಕೊಡ್ತಾನೆ.

ತಂದ ಮೇಲೆ ಕನ್ನಡದಲ್ಲಿ ಹುಡುಕೋದಕ್ಕೆ ಬೇರೆ ಕಷ್ಟ ಇದೆ. ಈ ಸಾಫ್ಟ್‌ವೇರ್‌ಗಳು ಇಂಗ್ಲಿಷಿನ ಪದ ಬದಲಾವಣೆ ತಿಳ್ಕೊಂಡಿರತ್ತೆ, ನಮ್ಮ ವಿಭಕ್ತಿ ಪ್ರತ್ಯಯ ಅವಕ್ಕೆ ಗೊತ್ತಿಲ್ಲ. "ಕೃಪೆ" ಅಂತ ಹುಡುಕಿದ್ರೆ ಕೃಪೆಯಿಂದ, ಕೃಪೆಯಲ್ಲಿ ಬರಲ್ಲ, ನಕ್ಷತ್ರ ಗುರುತು ಹಾಕಿ ಹುಡುಕಿದ್ರೆ ಅವು ಬರತ್ತೆ ಆದ್ರೆ ಕೃಪಾಳು ಬರಲ್ಲ, ಯಾಕಂದ್ರೆ ಅಲ್ಲಿ ಎತ್ವ ಇಲ್ಲ, ದೀರ್ಘ ಇದೆ. "ಕೃಪ" ತನಕ ಬರೆದು ನಕ್ಷತ್ರ ಹಾಕಿದ್ರೆ ಎಲ್ಲಾ ಬರತ್ತೆ. ಸಂಧಿ ಆದ ಪದದಲ್ಲಿ ಇನ್ನೂ ಕಷ್ಟ, ದೇವರಾತ್ಮ ಅಂತ ಇರೋ ಕಡೆ "ಆತ್ಮ" ಹುಡುಕಿದ್ರೆ ಸಿಗಲ್ಲ. ಕಣ್ಣಿಗೆ ಕಾಣದ ಇನ್ನೊಂದು ತೊಂದರೆ: ಯೂನಿಕೋಡಲ್ಲಿ "ಲೋ" ಅನ್ನೋದರ ಓತ್ವ ಒಂದೇ ಚಿಹ್ನೆಯಾಗಿ ಇರಬಹುದು, ಇಲ್ಲಾ ಎತ್ವ, ಊತ್ವದ ಕೊಂಬು, ದೀರ್ಘ ಅಂತ ಬಿಡಿಬಿಡಿಯಾಗಿಯೂ ಇರಬಹುದು, ಪರದೆ ಮೇಲೆ ಎರಡೂ ಒಂದೇ, ಸರ್ಚಿಗೆ ಬೇರೆಬೇರೆ. ಅರ್ಧಾಕ್ಷರದ ಹತ್ರ ಕೂತಿರೋ ಶೂನ್ಯ ಅಗಲದ ಜೋಡಕ ಚಿಹ್ನೆಗಳದ್ದೂ ಇದೇ ಕತೆ. ಹಾಗಾಗಿ ಒಳಗೆ ಹಾಕೋ ಮುಂಚೆ ಫೈಲನ್ನ ಎನ್‌ಎಫ್‌ಸಿ ರೂಪಕ್ಕೆ, ಅಂದ್ರೆ ಬಿಡಿ ಚಿಹ್ನೆಗಳು ಕೂಡಿ ಒಂದಾಗೋ ಯೂನಿಕೋಡ್ ರೂಪಕ್ಕೆ, ನಾರ್ಮಲೈಸ್ ಮಾಡಿಸಿ. ಜೋಡಕ ಚಿಹ್ನೆಗಳು ಮಾತ್ರ ಇದರಿಂದ ಹೋಗಲ್ಲ, ಅವನ್ನ ಬೇರೆಯಾಗಿ ಫೈಂಡ್-ರಿಪ್ಲೇಸಲ್ಲಿ ಒಂದೇ ತರ ಮಾಡಿಸಿ. ಹೀಬ್ರು ಪಠ್ಯಕ್ಕೆ ಮಾತ್ರ ಇದನ್ನ ಮಾಡಬೇಡಿ, ಸ್ವರಚಿಹ್ನೆಗಳ ಕ್ರಮ ಬದಲಾಗಿ ಕೆಲವು ಫಾಂಟಲ್ಲಿ ಚುಕ್ಕೆಗಳು ಎಲ್ಲೆಲ್ಲೋ ಕೂರತ್ತೆ.

ನುಡಿಯಲ್ಲಿರೋ ನೋಟ್ಸ್ ಬಗ್ಗೆ ಹೆದರಬೇಡಿ, ಯೂನಿಕೋಡಿಗೆ ಬದಲಾಯಿಸೋ ಪರಿವರ್ತಕಗಳು ಸುಲಭವಾಗಿ ಸಿಗತ್ತೆ. ಕೆಡೋದು ಎಲ್ಲಿ ಅಂದ್ರೆ, ಹಳೇ ನುಡಿ ಫಾಂಟಲ್ಲಿ ಕನ್ನಡ ಅಕ್ಷರ ಅಂತ ಕಾಣೋದು ಒಳಗಡೆ ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಇಡೀ ಫೈಲ್ ಸೆಲೆಕ್ಟ್ ಮಾಡಿ ಪರಿವರ್ತಿಸಿದ್ರೆ ನೀವು ಮಧ್ಯೆ ನಿಜವಾಗ್ಲೂ ಇಂಗ್ಲಿಷಲ್ಲಿ ಬರೆದ ಲೇಖಕರ ಹೆಸರು, ಪುಸ್ತಕದ ಹೆಸರು ಎಲ್ಲಾ ಅರ್ಥವಿಲ್ಲದ ಕನ್ನಡ ಆಗಿಬಿಡತ್ತೆ. ವರ್ಡಲ್ಲಿ ಫಾಂಟ್ ಹೆಸರು ಕೊಟ್ಟು ಫೈಂಡ್ ಮಾಡಿದ್ರೆ ನುಡಿ ಫಾಂಟಿನ ಭಾಗ ಮಾತ್ರ ಆಯ್ಕೆ ಆಗತ್ತೆ, ಅದನ್ನಷ್ಟೇ ಬದಲಾಯಿಸಿ, ಆಮೇಲೆ ಅರ್ಕಾವತ್ತು ಇರೋ ಪದಗಳನ್ನ, ಕರ್ತ, ಧರ್ಮ, ಕೀರ್ತನೆ ಇಂಥವನ್ನ, ಕಣ್ಣಾಡಿಸಿ. ಮೂಲ ಫೈಲನ್ನ ಅಳಿಸಬೇಡಿ.

ಆ ನೋಟ್ಸ್ ಎಲ್ಲಿಡಬೇಕು ಅನ್ನೋದೇ ನನ್ನ ಪ್ರಕಾರ ಇಡೀ ಪ್ರಶ್ನೆಯ ಹೃದಯ. ಸಾಫ್ಟ್‌ವೇರ್ ಒಳಗಿನ ನೋಟ್ಸ್ ಸೌಲಭ್ಯ ಚೆನ್ನಾಗೇ ಇದೆ, ವಚನಕ್ಕೆ ಅಂಟಿಸಬಹುದು, ಟ್ಯಾಗ್ ಹಾಕಬಹುದು. ಆದ್ರೆ ಬೈಬಲ್‌ವರ್ಕ್ಸ್ ಅಂತ ಒಂದು ಪ್ರೋಗ್ರಾಂ ಇತ್ತು, ಹೀಬ್ರು ಗ್ರೀಕ್ ಮಾಡೋ ವಿದ್ವಾಂಸರ ಅಚ್ಚುಮೆಚ್ಚು, 2018ರ ಜೂನಲ್ಲಿ ಕಂಪನಿ ಬಾಗಿಲು ಹಾಕಿತು. ಇನ್‌ಸ್ಟಾಲ್ ಆಗಿದ್ದ ಪ್ರೋಗ್ರಾಂ ಮರುದಿನವೇ ಸಾಯಲಿಲ್ಲ, ಆದ್ರೆ ವಿಂಡೋಸ್ ಮುಂದೆ ಹೋಗ್ತಾ ಇರತ್ತೆ, ಅದು ಅಲ್ಲೇ ನಿಲ್ಲತ್ತೆ. ಲೋಗೋಸ್ ಕೂಡ 2024ರ ಅಕ್ಟೋಬರಿಂದ ಹೊಸ ಫೀಚರ್‌ಗಳನ್ನ ಚಂದಾ ಪದ್ಧತಿಗೆ ತಂದಿದೆ. ಯಾರನ್ನೂ ದೂರೋದಲ್ಲ, ವ್ಯಾಪಾರ ಬದಲಾಗತ್ತೆ, ನಿಮ್ಮ ರಿಸರ್ಚ್ ಹತ್ತು ವರ್ಷದ್ದು. ಹಾಗಾಗಿ ಓದ್ತಾ ಹೊಳೆದಿದ್ದನ್ನ ಒಳಗೇ ಗೀಚಿಕೊಳ್ಳಿ, ಆದ್ರೆ ಥೀಸಿಸ್ಸಿಗೆ ಬೇಕಾಗೋ ನೋಟನ್ನ ಹೊರಗೆ ಸಾದಾ ಟೆಕ್ಸ್ಟ್ ಫೈಲಲ್ಲಿ ಇಡಿ, ಒಂದು ಕೀರ್ತನೆಗೆ ಒಂದು ಫೈಲು. ಫೈಲ್ ಹೆಸರಿನ ಕೊನೆಗೆ .md ಅಂತಿದ್ರೆ ಅಬ್ಸಿಡಿಯನ್ ತರದ ಉಚಿತ ಪ್ರೋಗ್ರಾಂ ಇವನ್ನ ಓದತ್ತೆ, ಅದು ನಾಳೆ ಮುಚ್ಚಿದ್ರೂ ನೋಟ್‌ಪ್ಯಾಡಲ್ಲಿ ತೆರೆಯತ್ತೆ. ಫೈಲ್ ಹೆಸರಲ್ಲಿ ನಂಬರನ್ನ 013, 088, 109 ಅಂತ ಮೂರಂಕಿಯಲ್ಲೇ ಬರೀರಿ, ಇಲ್ದಿದ್ರೆ ಎಷ್ಟೋ ಕಡೆ 109 ಬಂದು 13ರ ಮುಂದೆ ಕೂರತ್ತೆ. ಪ್ರತಿ ನೋಟಿನ ತಲೆಗೆ ಹೀಬ್ರು ವಚನ ಸಂಖ್ಯೆ, ಯಾವ ಸರ್ಚ್ ಮಾಡಿದ್ರಿ, ಯಾವ ಡೇಟಾಬೇಸಲ್ಲಿ, ಯಾವ ದಿನ, ಇಷ್ಟು. ಪುಸ್ತಕದ ವಿವರಕ್ಕೆ ಜೊಟೆರೊ ಅನ್ನೋ ಉಲ್ಲೇಖ ಜೋಡಿಸೋ ಪ್ರೋಗ್ರಾಂ ಇಟ್ಕೊಳ್ಳಿ.

ವರ್ಡಲ್ಲಿ ಕನ್ನಡ ಹೀಬ್ರು ಒಟ್ಟಿಗೆ ಬರೆಯೋವಾಗ ಫಾಂಟ್ ಅದಲು ಬದಲು ಆಗ್ತಿದ್ರೆ ಕಾರಣ ಇದು: ವರ್ಡ್ ಎರಡನ್ನೂ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅನ್ನೋ ಒಂದೇ ಖಾನೆಗೆ ಹಾಕತ್ತೆ. ಹೀಬ್ರುಗೆ ಅಂತ ಒಂದು ಕ್ಯಾರೆಕ್ಟರ್ ಸ್ಟೈಲ್ ಮಾಡಿ, ಅದಕ್ಕೆ ಎಸ್‌ಬಿಎಲ್ ಹೀಬ್ರು ಫಾಂಟ್ ಕೊಡಿ, ಹೀಬ್ರು ಪದಗಳಿಗೆ ಅದನ್ನೇ ಹಾಕಿ. ಪ್ಯಾರಾ ದಿಕ್ಕನ್ನ ಬಲದಿಂದ ಎಡಕ್ಕೆ ಬದಲಾಯಿಸಬೇಡಿ, ವಚನ ಸಂಖ್ಯೆ ಹಾರಿ ತಪ್ಪು ತುದಿಗೆ ಹೋಗತ್ತೆ.

ಹಾಗಾದ್ರೆ ಯಾವ ದಾರಿ? ಇರೋ ಪೇಯ್ಡ್ ಪ್ಯಾಕೇಜನ್ನೇ ಕತ್ತರಿಸಿ ಬಳಸೋದು ಒಂದು, ಕಂತು ಹೇಗೂ ಕಟ್ಟಿದೀರಿ. ಅಪಾಯ ಅಂದ್ರೆ ಕಂಪನಿಯ ಮೇಲೆ ಅವಲಂಬನೆ, ಚಂದಾ ಇದ್ರೆ ನಿಲ್ಲಿಸಿದ ಮೇಲೆ ಏನು ಉಳಿಯತ್ತೆ ಅನ್ನೋ ಷರತ್ತನ್ನ ಈಗ್ಲೇ ಓದಿ. ಪೂರ್ತಿ ಫ್ರೀಗೆ ಹೋಗೋದು ಇನ್ನೊಂದು: ಕೇಂಬ್ರಿಡ್ಜಿನ ಟಿಂಡೇಲ್ ಹೌಸ್‌ನ ಸ್ಟೆಪ್ ಬೈಬಲ್ ನಿಜಕ್ಕೂ ಒಳ್ಳೇದು, ಡೌನ್‌ಲೋಡ್ ಮಾಡಿ ನೆಟ್ ಇಲ್ದೇನೂ ಬಳಸಬಹುದು, ದಿವರ್ಡ್ ಹಳೇ ಕಂಪ್ಯೂಟರಲ್ಲೂ ಓಡತ್ತೆ, ಲಿನಕ್ಸ್ ಆದ್ರೆ ಜಿಫೋಸ್. ಆದ್ರೆ ಬಿಎಚ್‌ಎಸ್ ಅಪ್ಯಾರಟಸ್ಸು, ಹಾಲಾಟ್ ಇಲ್ಲಿ ಫ್ರೀಯಾಗಿ ಸಿಗಲ್ಲ. ಎಲ್ಲೋ ಸಿಗತ್ತೆ ಅಂದ್ರೆ ಅದು ಕಳ್ಳಮಾಲು. ಮೂರನೇದು ಇಟಿಸಿಬಿಸಿ ಡೇಟಾವನ್ನ ಟೆಕ್ಸ್ಟ್-ಫ್ಯಾಬ್ರಿಕ್ ಅನ್ನೋ ಪೈಥಾನ್ ಸಲಕರಣೆಯಲ್ಲಿ ನೀವೇ ಪ್ರಶ್ನಿಸೋದು. ವಾಕ್ಯರಚನೆಯ ಸೂಕ್ಷ್ಮ ಪ್ರಶ್ನೆಗಳಿಗೆ ಇಷ್ಟು ಸ್ವಾತಂತ್ರ್ಯ ಬೇರೆಲ್ಲೂ ಇಲ್ಲ, ವಾಣಿಜ್ಯೇತರ ಬಳಕೆಗೆ ಉಚಿತ. ಆದ್ರೆ ಕೋಡಿಂಗ್ ಕಲಿಯೋದರಲ್ಲೇ ಒಂದು ಸೆಮಿಸ್ಟರ್ ಕರಗಿಹೋಗೋದನ್ನ ನೋಡಿದೀನಿ. ಪ್ಯಾರಾಟೆಕ್ಸ್ಟ್ ತಗೊಳ್ಳಿ ಅಂತ ಯಾರಾದ್ರೂ ಅಂದ್ರೆ, ಅದು ಬೈಬಲ್ ಅನುವಾದ ತಂಡಗಳಿಗೆ ಮಾಡಿದ್ದು, ನಿಮ್ಮ ಕೆಲಸಕ್ಕಲ್ಲ.

ನಿಮ್ಮ ಜಾಗದಲ್ಲಿದ್ರೆ ನಾನು ಮೊದಲನೇದನ್ನೇ ಹಿಡಿದು, ಸ್ಟೆಪ್ ಬೈಬಲನ್ನ ಪಕ್ಕದಲ್ಲಿ ತಾಳೆ ನೋಡೋಕೆ ಇಟ್ಕೋತೀನಿ. ಒಂದೇ ಸರ್ಚನ್ನ ಎರಡರಲ್ಲೂ ಮಾಡಿ, ಸಂಖ್ಯೆ ಬೇರೆ ಬಂದ್ರೆ ಆ ವಚನಗಳನ್ನ ಬಿಡಿಸಿ ಓದಿ, ಎಷ್ಟೋ ಸಲ ನಿಮ್ಮ ವಾದಕ್ಕೆ ಬೇಕಾದ ವಿವಾದಾಸ್ಪದ ಜಾಗಗಳು ಅಲ್ಲೇ ಸಿಗತ್ತೆ. ಕೆಲಸದ ಕ್ರಮ ಕೇಳಿದ್ರೆ, ಮೊದಲು ನುಡಿ ನೋಟ್ಸ್ ಪರಿವರ್ತನೆ, ಯಾಕಂದ್ರೆ ಅದು ಕಳೆದ್ರೆ ಮತ್ತೆ ಸಿಗಲ್ಲ, ಆಮೇಲೆ 13ನೇ ಕೀರ್ತನೆ ಪರೀಕ್ಷೆ, ಆಮೇಲೆ ಲೇಔಟು. ಕನ್ನಡ ಪರ್ಸನಲ್ ಬುಕ್ಕು ಕೊನೆಗೆ ಇರಲಿ, ಅಲ್ಲಿ ತನಕ ಅಚ್ಚಿನ ಸತ್ಯವೇದ ಟೇಬಲ್ ಮೇಲಿದ್ರೆ ಸಾಕು. ಅದನ್ನ ಮಾಡೋವಾಗ ಶೀರ್ಷಿಕೆ ಸಾಲಿಗೆ ಯಾವ ವಚನದ ವಿಳಾಸ ಕೊಡಬೇಕು ಅಂತ ಗೊಂದಲ ಆಗತ್ತೆ, ಕನ್ನಡ ನಂಬರಿಂಗ್ ಪ್ರಕಾರ 1ರ ಒಳಗೇ ಸೇರಿಸಿಬಿಡಿ.